ಮುಸಾಫಿರನ ಆತಿಥ್ಯ

ಆತಿಥೇಯ ಎಂದರೆ ಯಾರು ಎಂದು ಕೇಳಿದರೆ ನಾವು ಕೊಡುವ ಉತ್ತರ ಸರಳವಾದದ್ದು. ಮನೆಯಿರುವವನು ಆತಿಥೇಯ, ಆ ಮನೆಗೆ ಬಂದವನು ಅತಿಥಿ. ಉರ್ದುವಿನ ಮೇಜ್‌ಬಾನ್ ಮತ್ತು ಮೆಹಮಾನ್ ಎಂಬ ಜೋಡಿ ಪದಗಳನ್ನು ಆಡುವಾಗಲೂ ನಮ್ಮ ಮನಸ್ಸಿನಲ್ಲಿರುವುದು ಇದೇ ಚಿತ್ರ. ಹೊಸ್ತಿಲು, ಚಾಪೆ, ಉರಿಯುವ ಒಲೆ ಇದ್ದವನು ಮಾತ್ರ ಇನ್ನೊಬ್ಬನನ್ನು 'ಬನ್ನಿ, ಕುಳಿತುಕೊಳ್ಳಿ' ಎನ್ನಬಲ್ಲ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಹಾಗಾದರೆ ಸ್ಥಿರವಾದ ಮನೆಯೇ ಇಲ್ಲದವನು, ಇರುವ ಮನೆಯನ್ನೂ ಚಕ್ರಗಳ ಮೇಲಿಟ್ಟುಕೊಂಡು ಊರೂರು ತಿರುಗುವವನು, ತನ್ನದಲ್ಲದ ನೆಲದಲ್ಲಿ ನಿಂತು ಬಂದವರನ್ನೆಲ್ಲ ಸ್ವಾಗತಿಸತೊಡಗಿದರೆ ಅವನನ್ನು ಏನೆಂದು ಕರೆಯಬೇಕು? ಅವನು ಅತಿಥಿಯೋ, ಆತಿಥೇಯನೋ? ಅವನು ಮಾಡುವುದು ಖಿದ್ಮತ್ತೋ, ಕೂಲಿಯೋ, ಅಥವಾ ನಮ್ಮ ಹಿರಿಯರು ಬಿಟ್ಟಿ ಬೇಗಾರಿ ಎಂದು ಕರೆಯುತ್ತಿದ್ದದ್ದೋ?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಇಂಥ ಬದುಕು ನಡೆಸುವವರು ನಿಜವಾಗಿಯೂ ಇದ್ದಾರೆ. ಅವರನ್ನು 'ಕ್ಯಾಂಪ್‌ಗ್ರೌಂಡ್ ಹೋಸ್ಟ್' ಎನ್ನುತ್ತಾರೆ. ಕ್ಯಾಂಪ್‌ಗ್ರೌಂಡ್ ಎಂದರೆ ಕಾಡಿನಲ್ಲೋ, ಸರೋವರದ ದಂಡೆಯಲ್ಲೋ ಪ್ರವಾಸಿಗರು ಡೇರೆ ಹಾಕಿ, ಗಾಡಿ ನಿಲ್ಲಿಸಿ, ಕೆಲವು ರಾತ್ರಿ ತಂಗಲು ಗುರುತು ಮಾಡಿಟ್ಟ ಬೀಡು. ಹೋಸ್ಟ್ ಎಂದರೆ ಆತಿಥೇಯ. ಕಾವಲುಗಾರ ಎಂದೋ, ಜಾಡಮಾಲಿ ಎಂದೋ ಅವನನ್ನು ಕರೆಯುವುದಿಲ್ಲ ಎಂಬುದನ್ನು ಗಮನಿಸಬೇಕು. ಈ ಪದದ ಆಯ್ಕೆಯಲ್ಲಿ ಒಂದು ಗೌರವವಿದೆ. ಆ ಗೌರವದ ಬೆನ್ನಿಗೇ ಒಂದು ಅಪಾಯವೂ ಇದೆ. ಅದರ ಬಗ್ಗೆ ಮುಂದೆ ಹೇಳುತ್ತೇವೆ.

ಈ ಹೋಸ್ಟ್‌ಗಳಲ್ಲಿ ಬಹುಪಾಲು ಜನ 'ಆರ್‌ವಿ' ಎಂದು ಕರೆಯಲ್ಪಡುವ ಮನೆಬಂಡಿಗಳಲ್ಲಿ ಬದುಕುವವರು. ಮಂಚ, ಒಲೆ, ಶೌಚಾಲಯ, ನೀರಿನ ತೊಟ್ಟಿ ಎಲ್ಲವೂ ಇರುವ ಬಸ್ಸಿನಂಥ ವಾಹನ ಕೆಲವರದು. ಟ್ರಕ್ಕಿನ ಹಿಂದೆ ಎಳೆದೊಯ್ಯುವ ಟ್ರೈಲರ್ ಇನ್ನು ಕೆಲವರದು. ಮೋಟಾರು ಬಂದ ಹೊಸತರಲ್ಲೇ ಅಮೆರಿಕದವರಿಗೆ ಈ ಗೀಳು ಹತ್ತಿತ್ತು. 1919ರಲ್ಲೇ ಫ್ಲಾರಿಡಾದ ಟ್ಯಾಂಪಾದಲ್ಲಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಹೆಸರಿನಲ್ಲಿ ಇಂಥ ಅಲೆಮಾರಿ ಪ್ರವಾಸಿಗರ ಸಂಘವೊಂದು ಹುಟ್ಟಿಕೊಂಡಿತು. ಕೆಲಸದಿಂದ ನಿವೃತ್ತರಾದ ಮೇಲೆ ಮನೆ ಮಾರಿ ಅಥವಾ ಬೀಗ ಹಾಕಿ, ಬೇಸಿಗೆಯಲ್ಲಿ ಉತ್ತರದ ಬೆಟ್ಟಗಳಿಗೆ, ಚಳಿಗಾಲದಲ್ಲಿ ದಕ್ಷಿಣದ ಮರುಭೂಮಿಗೆ ಹೋಗುವ ದಂಪತಿಗಳು ಅಲ್ಲಿ ಅಪರೂಪವಲ್ಲ.

ಹೋಸ್ಟ್‌ನ ಕೆಲಸವೇನು? ಬೀಡಿನ ಬಾಗಿಲಲ್ಲಿ ಅವನ ಬಂಡಿ ನಿಂತಿರುತ್ತದೆ. ಬಂದವರಿಗೆ ಜಾಗ ತೋರಿಸಬೇಕು, ಶುಲ್ಕದ ಚೀಟಿ ನೋಡಬೇಕು, ಅಗ್ಗಿಷ್ಟಿಕೆಯ ಬೂದಿ ತೆಗೆಯಬೇಕು, ಶೌಚಾಲಯ ತೊಳೆಯಬೇಕು, ಕಸ ಹೆಕ್ಕಬೇಕು, ಹಲವು ಕಡೆ ಸೌದೆ ಮಾರಬೇಕು. ರಾತ್ರಿ ಗದ್ದಲ ಮಾಡುವವರಿಗೆ ವಿನಯದಿಂದ ತಿಳಿಹೇಳಬೇಕು. ಕೇಳದಿದ್ದರೆ ರೇಂಜರ್‌ಗೆ ಸುದ್ದಿ ಮುಟ್ಟಿಸಬೇಕು. ದಂಡ ಹಾಕುವ, ಹೊರದಬ್ಬುವ ಅಧಿಕಾರ ಅವನಿಗಿಲ್ಲ. ವಾರಕ್ಕೆ ಸುಮಾರು 20ರಿಂದ 30 ಗಂಟೆಗಳ ಈ ದುಡಿಮೆಗೆ ಪ್ರತಿಯಾಗಿ ಸಾಮಾನ್ಯವಾಗಿ ಸಂಬಳವಿರುವುದಿಲ್ಲ. ಬಂಡಿ ನಿಲ್ಲಿಸಲು ಬಾಡಿಗೆಯಿಲ್ಲದ ಜಾಗ, ವಿದ್ಯುತ್ತು, ನೀರು, ಕೊಳೆನೀರು ಹರಿದುಹೋಗಲು ಕೊಳವೆ ಇಷ್ಟು ಸಿಗುತ್ತದೆ. 1970ರಲ್ಲಿ ರಾಷ್ಟ್ರೀಯ ಉದ್ಯಾನಗಳಿಗೂ 1972ರಲ್ಲಿ ರಾಷ್ಟ್ರೀಯ ಅರಣ್ಯಗಳಿಗೂ ಸ್ವಯಂಸೇವಕರನ್ನು ಬಳಸಿಕೊಳ್ಳುವ ಅವಕಾಶವನ್ನು ಅಲ್ಲಿನ ಸಂಸತ್ತು ಕಾನೂನಿನ ಮೂಲಕ ಕೊಟ್ಟಿತು. ಕೆಲಸದಲ್ಲಿ ಗಾಯಗೊಂಡರೆ ಪರಿಹಾರ ಕೊಡುವ ಮಟ್ಟಿಗೆ ಅವರನ್ನು ಸರಕಾರಿ ನೌಕರರಂತೆ ಕಾಣಬೇಕು, ಸಂಬಳದಂಥ ವಿಷಯಗಳಲ್ಲಿ ನೌಕರರಲ್ಲ ಎಂಬುದು ಆ ಕಾನೂನುಗಳ ತಿರುಳು.

ಮೇಲುನೋಟಕ್ಕೆ ಇದು ಬೂದಿ ಬಳಿಯುವ, ಕಸ ಹೆಕ್ಕುವ ಸಣ್ಣ ಕೆಲಸ. ಆದರೆ ಆತಿಥ್ಯದ ಒಂದು ದೊಡ್ಡ ಗುಟ್ಟು ಇದರೊಳಗಿದೆ. ಅತಿಥಿಗಳು ತಾವು ಪ್ರೀತಿಸಿ ಬಂದ ಜಾಗವನ್ನೇ ಕೊಲ್ಲಬಲ್ಲರು ಎಂಬುದು ಆ ಗುಟ್ಟು. ಎಮಿಲಿಯೋ ಮೈನೆಕೆ ಎಂಬ ಸಸ್ಯರೋಗ ತಜ್ಞ ಕ್ಯಾಲಿಫೋರ್ನಿಯಾದ ದೈತ್ಯ ಮರಗಳನ್ನು ಪರೀಕ್ಷಿಸಿ ಇದನ್ನು ಕಂಡುಕೊಂಡ. ಸಾವಿರಾರು ವರ್ಷ ಬಾಳಿದ ಮರಗಳ ಬುಡದಲ್ಲಿ ಕಾರುಗಳು ಓಡಾಡಿ, ಜನ ನಡೆದಾಡಿ ಮಣ್ಣು ಗಟ್ಟಿಯಾಗಿ, ಬೇರಿಗೆ ಗಾಳಿ ನೀರು ಇಲ್ಲದಂತಾಗುತ್ತಿತ್ತು. ಮರ ನೋಡಲು ಬಂದವರೇ ಮರದ ಉಸಿರು ಕಟ್ಟಿಸುತ್ತಿದ್ದರು. 1932ರಲ್ಲಿ ಅವನು ಒಂದು ಪರಿಹಾರ ಸೂಚಿಸಿದ. ಒಂದೇ ದಿಕ್ಕಿನಲ್ಲಿ ಸಾಗುವ ಬಳಸು ದಾರಿ, ಪ್ರತಿ ಬೀಡಿಗೂ ಗಾಡಿ ನಿಲ್ಲಿಸಲು ಒಂದು ಚಿಕ್ಕ ಕವಲು, ಅದನ್ನು ದಾಟದಂತೆ ಅಂಚಿಗೆ ಬಂಡೆ, ಮರದ ದಿಮ್ಮಿ. ಇಂದಿಗೂ ಅಮೆರಿಕದ ಬಹುತೇಕ ಕ್ಯಾಂಪ್‌ಗ್ರೌಂಡ್‌ಗಳ ನಕ್ಷೆ ಇದೇ. ಹೋಸ್ಟ್ ಬಂದವರಿಗೆ 'ಗಾಡಿಯನ್ನು ಕವಲಿನಲ್ಲೇ ನಿಲ್ಲಿಸಿ' ಎಂದಾಗ, ಆತ ಆ ಮರದ ಪರವಾಗಿ ಮಾತಾಡುತ್ತಿರುತ್ತಾನೆ.

ಸೌದೆಯ ವಿಷಯವೂ ಹೀಗೆಯೇ. 2002ರಲ್ಲಿ ಮಿಶಿಗನ್ ರಾಜ್ಯದಲ್ಲಿ ಏಷ್ಯಾ ಮೂಲದ ಒಂದು ಸಣ್ಣ ಹಸಿರು ಜೀರುಂಡೆ ಪತ್ತೆಯಾಯಿತು. ಆ್ಯಶ್ ಜಾತಿಯ ಮರಗಳ ತೊಗಟೆಯಡಿ ಮೊಟ್ಟೆಯೊಡೆದು ಬೆಳೆಯುವ ಅದರ ಮರಿಗಳು ಇಲ್ಲಿಯವರೆಗೆ ಕೋಟಿಗಟ್ಟಲೆ ಮರಗಳನ್ನು ಒಣಗಿಸಿವೆ. ತಾನಾಗಿ ಅಷ್ಟೇನೂ ದೂರ ಹಾರಲಾರದ ಆ ಹುಳ ಪ್ರವಾಸಿಗರ ಸೌದೆಯ ಕಟ್ಟಿನಲ್ಲಿ ಅಡಗಿ ನೂರಾರು ಮೈಲಿ ಸಾಗಿತು. ಹಾಗಾಗಿ 'ನಿಮ್ಮೂರಿನ ಸೌದೆ ಇಲ್ಲಿಗೆ ಬೇಡ, ಇಲ್ಲಿಯದನ್ನೇ ಕೊಂಡು ಇಲ್ಲೇ ಉರಿಸಿ' ಎಂದು ಬಂದವರಿಗೆ ಹೇಳುವುದು ಹೋಸ್ಟ್‌ನ ಕರ್ತವ್ಯಗಳಲ್ಲೊಂದು. ಅತಿಥಿಯನ್ನು ಸತ್ಕರಿಸುವುದು ಎಷ್ಟು ಮುಖ್ಯವೋ, ಅತಿಥಿಯಿಂದ ಜಾಗವನ್ನು ಕಾಪಾಡುವುದೂ ಅಷ್ಟೇ ಮುಖ್ಯ.

ಆತಿಥ್ಯಕ್ಕೆ ಮಿತಿ ಬೇಕು ಎಂಬ ಮಾತು ನಮಗೆ ಹೊಸದೇನಲ್ಲ. ಅತಿಥಿಯ ಸತ್ಕಾರಕ್ಕೆ ಮೂರು ದಿನಗಳೆಂದೂ, ಆಮೇಲೆ ಮಾಡುವುದೆಲ್ಲ ದಾನಕ್ಕೆ ಸೇರಿದ್ದೆಂದೂ, ಆತಿಥೇಯನಿಗೆ ಕಷ್ಟವಾಗುವಷ್ಟು ಕಾಲ ಅತಿಥಿ ಉಳಿಯಬಾರದೆಂದೂ ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾಗಿ ಹದೀಸ್‌ಗಳಲ್ಲಿ ಬಂದಿದೆ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಈ ಮಿತಿ ಸಾಮಾನ್ಯವಾಗಿ 14 ದಿನ. ಅದಕ್ಕಿಂತ ಹೆಚ್ಚು ದಿನ ಒಂದೇ ಬೀಡಿನಲ್ಲಿ ಯಾರೂ ಉಳಿಯುವಂತಿಲ್ಲ. ಹೋಸ್ಟ್ ಮಾತ್ರ ಇಡೀ ಹಂಗಾಮು ಉಳಿಯಬಹುದು. ಉಳಿಯುವ ಹಕ್ಕನ್ನು ಅವನು ಬೂದಿ ಬಾಚಿ ಸಂಪಾದಿಸಿರುತ್ತಾನೆ. ಹಿಮ ಬೀಳುವ ಕಾಲ ಬಂದಾಗ ಅವನೂ ಹೊರಡಬೇಕು. ಅತಿಥಿಗೂ ಅವನಿಗೂ ಇರುವ ವ್ಯತ್ಯಾಸ ಕೆಲವು ತಿಂಗಳುಗಳಷ್ಟೇ.

ಆ ನೆಲದ ಒಡೆಯರು ಯಾರು ಎಂದು ಕೇಳಿದರೆ ಕಾಗದದಲ್ಲಿ ಸರಕಾರದ ಹೆಸರಿದೆ. ಕಾಗದಕ್ಕಿಂತ ಹಿಂದಿನ ಕತೆ ಬೇರೆ. ಲಕ್ಷಾಂತರ ಜನ ಬೀಡು ಬಿಡುವ ಯೊಸೆಮಿಟಿ ಕಣಿವೆಗೆ 1851ರಲ್ಲಿ ಸಶಸ್ತ್ರ ಪಡೆಯೊಂದು ನುಗ್ಗಿ ಅಲ್ಲಿ ಬಾಳುತ್ತಿದ್ದ ಅಹ್ವಾನೀಚಿ ಜನರನ್ನು ಹೊರಗಟ್ಟಿತು. ನಿಜವಾದ ಆತಿಥೇಯರನ್ನು ಓಡಿಸಿದ ಅಂಗಳದಲ್ಲಿ ಇಂದು ಒಬ್ಬ ಅಲೆಮಾರಿ ಇನ್ನೊಬ್ಬ ಅಲೆಮಾರಿಯನ್ನು ಸ್ವಾಗತಿಸುತ್ತಾನೆ. ಒಡೆತನದ ಮೇಲೆ ಆತಿಥ್ಯವನ್ನು ಕಟ್ಟಲು ಹೋದರೆ ಅದು ಎಷ್ಟು ಬೇಗ ಕುಸಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅರಿಝೋನಾದ ಕ್ವಾರ್ಟ್ಸ್‌ಸೈಟ್ ಎಂಬ ಪುಟ್ಟ ಮರುಭೂಮಿ ಊರಿನ ಬಗ್ಗೆಯೂ ಇಲ್ಲಿ ಹೇಳಬೇಕು. ಕೆಲವೇ ಸಾವಿರ ಜನರ ಆ ಊರಿಗೆ ಪ್ರತಿ ಚಳಿಗಾಲ ಲಕ್ಷಗಟ್ಟಲೆ ಜನ ಮನೆಬಂಡಿಗಳಲ್ಲಿ ಬಂದು ಸೇರುತ್ತಾರೆ. ಊರಾಚೆಯ ಸರಕಾರಿ ಮರುಭೂಮಿಯಲ್ಲಿ ತಿಂಗಳುಗಟ್ಟಲೆ ಬೀಡು ಬಿಡುವವರಿಗೂ ಸ್ವಯಂಸೇವಕ ಹೋಸ್ಟ್‌ಗಳಿದ್ದಾರೆ. ಆ ಊರಿನ ಸ್ಮಶಾನದಲ್ಲಿ ಎದ್ದು ಕಾಣುವ ಸಮಾಧಿ ಒಂದೇ. ಕಲ್ಲಿನ ಪಿರಮಿಡ್ಡು, ಅದರ ತುದಿಯಲ್ಲಿ ಲೋಹದ ಒಂಟೆ. ಅದರಡಿ ಮಲಗಿರುವವನು ಹಾಜಿ ಅಲಿ. ಉಸ್ಮಾನಿ ಸಾಮ್ರಾಜ್ಯದಿಂದ ಬಂದ ಒಂಟೆ ಸವಾರ. ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ಬಳಸಿ ನೋಡೋಣವೆಂದು ಅಮೆರಿಕದ ಸೇನೆ 1856ರಲ್ಲಿ ಒಂಟೆಗಳನ್ನು ತರಿಸಿದಾಗ ಅವುಗಳ ಜೊತೆ ಟೆಕ್ಸಾಸ್‌ನಲ್ಲಿ ಬಂದಿಳಿದವನು. ಹೆಸರು ಉಚ್ಚರಿಸಲಾಗದೆ ಸೈನಿಕರು ಅವನನ್ನು 'ಹೈ ಜಾಲಿ' ಎಂದರು. ಒಂಟೆಗಳ ಪ್ರಯೋಗ ಅಂತರ್ಯುದ್ಧದ ಹೊತ್ತಿಗೆ ನಿಂತುಹೋಯಿತು. ಅವನು ಅಲ್ಲೇ ಉಳಿದು, ಸಾಮಾನು ಸಾಗಿಸುತ್ತ, ಗಣಿ ಹುಡುಕುತ್ತ ಅಲೆದು 1902ರಲ್ಲಿ ತೀರಿಕೊಂಡ. 1935ರಲ್ಲಿ ಅವನಿಗೆ ಸ್ಮಾರಕ ಎದ್ದಿತು. ಇಂದಿನ ಅಲೆಮಾರಿಗಳು ಸೇರುವ ಊರಿನಲ್ಲಿ ಅವರಿಗಿಂತ ಮುಂಚೆ ಬಂದು ನೆಲೆಯಾದ ಮುಸಾಫಿರ ಅವನು.

ಪಯಣಿಗನಿಗೆ ನಮ್ಮ ಧರ್ಮದಲ್ಲಿ ಒಂದು ಸ್ಥಾನವಿದೆ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನ್ ಹೆಸರಿಸುವಾಗ ದಾರಿಹೋಕನನ್ನೂ ಸೇರಿಸುತ್ತದೆ. ಊರಿನಲ್ಲಿ ಅವನು ಸಾಹುಕಾರನಾಗಿದ್ದರೂ ದಾರಿಯಲ್ಲಿ ಕೈ ಬರಿದಾದಾಗ ಅವನಿಗೆ ಹಕ್ಕಿದೆ. ಪ್ರಯಾಣದಲ್ಲಿ ನಮಾಝ್ ಸಂಕ್ಷಿಪ್ತವಾಗುತ್ತದೆ, ರಮಝಾನಿನ ಉಪವಾಸವನ್ನು ಮುಂದೂಡಲು ಅನುಮತಿಯಿದೆ. ಈ ಲೋಕದಲ್ಲಿ ಅಪರಿಚಿತನಂತೆ, ದಾರಿಹೋಕನಂತೆ ಬಾಳಬೇಕೆಂಬ ಪ್ರವಾದಿವಚನವನ್ನು ಜುಮಾ ಪ್ರವಚನಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಕನ್ನಡದ ಶರಣರು ನಿಲ್ಲುವುದಕ್ಕೂ ಚಲಿಸುವುದಕ್ಕೂ ನಡುವೆ ಚಲಿಸುವುದನ್ನೇ ದೊಡ್ಡದೆಂದು ಕಂಡದ್ದೂ ನಮಗೆ ಗೊತ್ತಿದೆ. ಈ ಎರಡೂ ದಾರಿಗಳಿಂದ ಬಂದ ನಮಗೆ, ಒಡೆತನವಿಲ್ಲದವನ ಆತಿಥ್ಯವೇ ಹೆಚ್ಚು ನಿಜವಾದದ್ದು ಎನಿಸುವುದು ಸಹಜ. ಒಡೆಯ ಸತ್ಕರಿಸುವಾಗ ಅದರಲ್ಲಿ 'ನನ್ನದು' ಎಂಬುದರ ವಾಸನೆ ಸ್ವಲ್ಪವಾದರೂ ಉಳಿದಿರುತ್ತದೆ. ನಾಳೆ ತಾನೂ ಹೊರಡಬೇಕಾದವನು, ಇಂದು ಬಂದವನಿಗಾಗಿ ನಿನ್ನೆಯವನ ಬೂದಿ ತೆಗೆದಿಟ್ಟರೆ ಅದರಲ್ಲಿ ಆ ವಾಸನೆ ಇರುವುದಿಲ್ಲ. ದಾರಿಯ ಮೇಲಿನ ಮುಳ್ಳನ್ನು ಸರಿಸುವುದೂ ಈಮಾನಿನ ಭಾಗವೆಂದು ನಂಬುವವರಿಗೆ ಈ ಕೆಲಸದ ಬೆಲೆ ವಿವರಿಸಬೇಕಾಗಿಲ್ಲ.

ಇಷ್ಟು ಹೇಳಿ ಮುಗಿಸಿದರೆ ಲೇಖನ ಸುಂದರವಾಗಿರುತ್ತಿತ್ತು. ಆದರೆ ಈ ಸುಂದರ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ಅದನ್ನು ಬಿಟ್ಟರೆ ನ್ಯಾಯವಾಗದು.

ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ 'ನೋಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕ ಪ್ರಕಟಿಸಿದರು. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಕಳೆದುಕೊಂಡು, ಸಾಮಾಜಿಕ ಭದ್ರತೆಯ ಅಲ್ಪ ಪಿಂಚಣಿಯಲ್ಲಿ ಬಾಡಿಗೆ ಕಟ್ಟಲಾರದೆ ಬಂಡಿಯಲ್ಲೇ ಬದುಕುವ ವೃದ್ಧರ ಕತೆ ಅದು. ಅದರ ಮುಖ್ಯ ವ್ಯಕ್ತಿ ಲಿಂಡಾ ಮೇ ಅರವತ್ತು ದಾಟಿದ ಅಜ್ಜಿ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಅರಣ್ಯದ ಬೀಡೊಂದರಲ್ಲಿ ಆಕೆ ಹೋಸ್ಟ್ ಆಗಿ ಶೌಚಾಲಯ ತೊಳೆಯುತ್ತಾರೆ, ಬೂದಿ ಬಾಚುತ್ತಾರೆ, ನಗುಮುಖದಿಂದ ಜನರನ್ನು ಬರಮಾಡಿಕೊಳ್ಳುತ್ತಾರೆ. ಎಂದಾದರೊಂದು ದಿನ ಸ್ವಂತ ಜಾಗದಲ್ಲಿ ತಾನೇ ಒಂದು ಮನೆ ಕಟ್ಟಿಕೊಳ್ಳಬೇಕೆಂಬುದು ಆಕೆಯ ಕನಸು. ಈ ಪುಸ್ತಕವನ್ನು ಆಧರಿಸಿ ಕ್ಲೋಯಿ ಝಾವೋ ನಿರ್ದೇಶಿಸಿದ ಚಿತ್ರ 2021ರಲ್ಲಿ ಅತ್ಯುತ್ತಮ ಚಿತ್ರಕ್ಕಾಗಿ ಆಸ್ಕರ್ ಪಡೆಯಿತು. ಅದರಲ್ಲಿ ಲಿಂಡಾ ಮೇ ತಮ್ಮದೇ ಪಾತ್ರದಲ್ಲಿ ಕಾಣಿಸಿಕೊಂಡರು.

ಲಿಂಡಾ ಮೇ ದುಡಿದದ್ದು ಸಂಬಳಕ್ಕೆ. ಏಕೆಂದರೆ ಅಮೆರಿಕದ ಅರಣ್ಯ ಇಲಾಖೆ ತನ್ನ ಎಷ್ಟೋ ಬೀಡುಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿದೆ, ಮತ್ತು 1938ರ ಕಾರ್ಮಿಕ ಕಾನೂನಿನ ಪ್ರಕಾರ ಲಾಭಕ್ಕಾಗಿ ನಡೆಯುವ ಕಂಪನಿ 'ಸ್ವಯಂಸೇವಕ'ರನ್ನು ಇಟ್ಟುಕೊಳ್ಳುವಂತಿಲ್ಲ. ಸರಕಾರ ನೇರವಾಗಿ ನಡೆಸುವಲ್ಲಿ ಮಾತ್ರ ಇಟ್ಟುಕೊಳ್ಳಬಹುದು. ಗುತ್ತಿಗೆಯ ಬೀಡುಗಳಲ್ಲಿಯೂ ಸಂಬಳ ಸಿಗುವುದು ಇಷ್ಟು ಗಂಟೆಗೆ, ದುಡಿಯಬೇಕಾದದ್ದು ಅದಕ್ಕಿಂತ ಹೆಚ್ಚು ಎಂಬ ದೂರುಗಳನ್ನು ಆ ಪುಸ್ತಕ ದಾಖಲಿಸಿದೆ. 'ಹೋಸ್ಟ್' ಎಂಬ ಗೌರವದ ಪದದ ಅಪಾಯ ಇಲ್ಲಿದೆ. ಕೂಲಿಯವನು ಗಂಟೆ ಲೆಕ್ಕ ಹಾಕಬಹುದು. ಆತಿಥೇಯನೆನಿಸಿಕೊಂಡವನು ಮಧ್ಯರಾತ್ರಿ ಬಾಗಿಲು ತಟ್ಟಿದವನಿಗೆ 'ನನ್ನ ಗಂಟೆ ಮುಗಿಯಿತು' ಎಂದು ಹೇಗೆ ಹೇಳಿಯಾನು?

ಒಂದು ಹಳೆಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಅಮೆರಿಕದ ಬಹಳಷ್ಟು ಬೀಡುಗಳನ್ನು, ಅಲ್ಲಿನ ದಾರಿ, ಕಲ್ಲಿನ ಒಲೆ, ಮೇಜುಗಳನ್ನು ಕಟ್ಟಿದ್ದು 'ಸಿವಿಲಿಯನ್ ಕನ್ಸರ್ವೇಶನ್ ಕೋರ್' ಎಂಬ ಯೋಜನೆಯ ನಿರುದ್ಯೋಗಿ ಯುವಕರು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಿಂದ 1942ರವರೆಗೆ, ಸುಮಾರು 30 ಲಕ್ಷ ಯುವಕರು ಅದರಲ್ಲಿ ದುಡಿದರು. ಊಟ, ವಸತಿಯ ಮೇಲೆ ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಅವರ ಮನೆಗೆ ಹೋಗುತ್ತಿತ್ತು. ಬಡತನದ ಕಾಲದಲ್ಲಿ ಆ ದೇಶ ಕಾಡಿನ ಕೆಲಸಕ್ಕೆ ಕೂಲಿ ಕೊಟ್ಟು ಎಷ್ಟೋ ಮನೆಗಳ ಒಲೆ ಉರಿಸಿತು. ಅಂದು ಯುವಕರು ಸಂಬಳ ಪಡೆದು ಕಟ್ಟಿದ ಆ ಬೀಡುಗಳಲ್ಲಿ ಎಷ್ಟನ್ನೋ ಸಿರಿವಂತಿಕೆಯ ಕಾಲದಲ್ಲಿ ವೃದ್ಧರು ಸಂಬಳವಿಲ್ಲದೆ ಗುಡಿಸುತ್ತಿದ್ದಾರೆ.

ಹಾಗಾದರೆ ನೀತಿಯ ಪ್ರಶ್ನೆ ಇದು. ಒಂದೇ ಬೀಡಿನಲ್ಲಿ ಎರಡು ಬಂಡಿಗಳು ನಿಂತಿವೆ ಎಂದಿಟ್ಟುಕೊಳ್ಳೋಣ. ಒಂದರಲ್ಲಿ ಕೈತುಂಬ ಪಿಂಚಣಿ ಪಡೆಯುವ, ಕಾಡಿನ ಮೇಲಿನ ಪ್ರೀತಿಗಾಗಿ ಬಂದ ನಿವೃತ್ತ ದಂಪತಿ. ಇನ್ನೊಂದರಲ್ಲಿ ಬಂಡಿ ನಿಲ್ಲಿಸಲು ಬೇರೆಲ್ಲೂ ಜಾಗವಿಲ್ಲದ ಒಂಟಿ ಮುದುಕಿ. ಇಬ್ಬರೂ ಮಾಡುವುದು ಒಂದೇ ಕೆಲಸ, ಇಬ್ಬರ ಎದೆಯ ಮೇಲೂ 'ಸ್ವಯಂಸೇವಕ' ಎಂಬ ಒಂದೇ ಬಿಲ್ಲೆ. ಮೊದಲನೆಯವರದು ಸೇವೆ, ಎರಡನೆಯವಳದು ಬೇಗಾರಿ ಎಂದುಬಿಡಬಹುದೇ? ಹಾಗೆಂದರೆ ಆ ಮುದುಕಿಗೆ ಅನ್ಯಾಯವಾಗುತ್ತದೆ. ಅವಳ ನಗು ಸುಳ್ಳಲ್ಲದಿರಬಹುದು. ಅವಳು ದಂಪತಿಗಿಂತ ಹೆಚ್ಚು ನಿಷ್ಠೆಯಿಂದ ಆ ಜಾಗವನ್ನು ಪ್ರೀತಿಸುತ್ತಿರಬಹುದು. ಬಡವನಿಗೆ ನಿಸ್ವಾರ್ಥ ಸೇವೆಯ ಯೋಗ್ಯತೆಯಿಲ್ಲ ಎನ್ನುವುದು ಅಹಂಕಾರದ ಮಾತು. ಕರ್ಮಗಳ ಬೆಲೆ ನಿಯ್ಯತ್ತಿನಿಂದ ಎಂದು ನಂಬುವ ನಾವು, ಆ ನಿಯ್ಯತ್ತನ್ನು ಅಳೆಯುವ ತಕ್ಕಡಿ ನಮ್ಮ ಕೈಯಲ್ಲಿಲ್ಲ ಎಂಬುದನ್ನೂ ನಂಬಬೇಕು.

ಈ ಗೊಂದಲದಲ್ಲಿ ನಮಗೆ ದಾರಿ ತೋರುವುದು ಪ್ರವಾದಿ ಮೂಸಾ(ಅ)ರ ಎರಡು ಪ್ರಸಂಗಗಳು. ಎರಡೂ ಕುರ್‌ಆನಿನಲ್ಲಿವೆ, ಎರಡರಲ್ಲೂ ಅವರು ಮುಸಾಫಿರ್.

ಮೊದಲನೆಯದು ಮದ್ಯನ್ ಊರಿನದು. ಈಜಿಪ್ಟಿನಿಂದ ತಪ್ಪಿಸಿಕೊಂಡು ಬಂದ ಮೂಸಾ(ಅ) ನೀರಿನ ಸೆಲೆಯ ಬಳಿ ಇಬ್ಬರು ಹೆಣ್ಣುಮಕ್ಕಳು ತಮ್ಮ ಮಂದೆಯನ್ನು ತಡೆದು ದೂರ ನಿಂತಿರುವುದನ್ನು ಕಾಣುತ್ತಾರೆ. ಗಂಡಸರು ತಮ್ಮ ಮಂದೆಗಳಿಗೆ ಕುಡಿಸಿ ಹೋಗುವವರೆಗೆ ಅವರಿಗೆ ಸರದಿಯಿಲ್ಲ. ಇವರು ಆ ಮಂದೆಗೆ ನೀರು ಕುಡಿಸಿ, ಏನನ್ನೂ ಕೇಳದೆ ನೆರಳಿಗೆ ಹೋಗಿ ಕೂರುತ್ತಾರೆ. ಹೊಟ್ಟೆಗಿಲ್ಲದ, ನೆಲೆಯಿಲ್ಲದ ಆ ಹೊತ್ತಿನಲ್ಲಿ ಅವರು ತಮ್ಮ ಕಷ್ಟವನ್ನು ಹೇಳಿಕೊಂಡದ್ದು ಅಲ್ಲಾಹನಲ್ಲಿ ಮಾತ್ರ. ಆದರೆ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಆ ಹೆಣ್ಣುಮಕ್ಕಳಲ್ಲೊಬ್ಬಳು ಹಿಂತಿರುಗಿ ಬಂದು, ನೀರು ಕುಡಿಸಿದ್ದಕ್ಕೆ ಪ್ರತಿಫಲ ಕೊಡಲು ತಂದೆ ಕರೆಯುತ್ತಿದ್ದಾರೆ ಎನ್ನುತ್ತಾಳೆ. ಆಮೇಲೆ ಎಂಟು ಅಥವಾ ಹತ್ತು ವರ್ಷಗಳ ದುಡಿಮೆಯ ಕರಾರು ಆಗುತ್ತದೆ. ಷರತ್ತುಗಳನ್ನು ಇಬ್ಬರೂ ಸ್ಪಷ್ಟವಾಗಿ ಆಡಿಕೊಳ್ಳುತ್ತಾರೆ.

ಎರಡನೆಯದು ಖಿಝ್ರ್ ಎಂದು ಪರಂಪರೆಯಲ್ಲಿ ಹೆಸರಾದ ಜ್ಞಾನಿಯೊಂದಿಗಿನ ಪ್ರಯಾಣ. ಇಬ್ಬರೂ ಒಂದು ಊರಿಗೆ ಬಂದು ಅನ್ನ ಕೇಳುತ್ತಾರೆ. ಊರಿನವರು ಆತಿಥ್ಯ ನಿರಾಕರಿಸುತ್ತಾರೆ. ಅಂಥ ಊರಿನಲ್ಲಿ ಬೀಳಲಿದ್ದ ಗೋಡೆಯೊಂದನ್ನು ಆ ಜ್ಞಾನಿ ನಿಲ್ಲಿಸಿಕೊಡುತ್ತಾರೆ. ಇದಕ್ಕೆ ಕೂಲಿಯನ್ನಾದರೂ ಪಡೆಯಬಹುದಿತ್ತಲ್ಲ ಎನ್ನುತ್ತಾರೆ ಮೂಸಾ(ಅ). ಆ ಗೋಡೆಯ ಕೆಳಗೆ ಇಬ್ಬರು ಅನಾಥ ಬಾಲಕರ ನಿಧಿಯಿತ್ತು ಎಂಬುದು ಆಮೇಲೆ ತಿಳಿಯುತ್ತದೆ.

ಈ ಎರಡನ್ನೂ ಒಟ್ಟಿಗೆ ಓದಿದಾಗ ಒಂದು ವಿಷಯ ತಿಳಿಯಾಗುತ್ತದೆ. ಕೂಲಿಯನ್ನು ಬಿಟ್ಟುಕೊಡುವ ಹಕ್ಕು ದುಡಿದವನದು. ಗೋಡೆ ಕಟ್ಟಿದವನು ಅದನ್ನು ಬಿಟ್ಟ, ಏಕೆ ಬಿಟ್ಟ ಎಂಬುದು ಅವನಿಗೆ ಗೊತ್ತಿತ್ತು. ಆದರೆ ದುಡಿಸಿಕೊಂಡವನಿಗೆ ಆ ಹಕ್ಕಿಲ್ಲ. ಮದ್ಯನಿನ ಮುದುಕ 'ಆ ಯುವಕ ಪುಣ್ಯಕ್ಕಾಗಿ ನೀರು ಕುಡಿಸಿದ, ಅಲ್ಲಾಹನೇ ಅವನಿಗೆ ಕೊಡಲಿ' ಎಂದು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಹುಡುಕಿಸಿ ಕರೆಸಿದ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆಯೂ ಕೊಡುವವನನ್ನು ಉದ್ದೇಶಿಸಿದ್ದು. ನಿಯ್ಯತ್ತು ಸೇವೆ ಮಾಡುವವನ ಮತ್ತು ಅಲ್ಲಾಹನ ನಡುವಿನ ವಿಷಯ. ಕೂಲಿ ಸೇವೆ ಪಡೆಯುವವನ ತಲೆಯ ಮೇಲಿನ ಸಾಲ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ತೀರಿಸದಿರುವುದೇ ಅನ್ಯಾಯದ ಮೂಲ.

ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆಯೂ ಇಂಥದೇ ಪ್ರಶ್ನೆ ಬಂದಿತ್ತು. ಅಲಾಮೋ ಫೌಂಡೇಶನ್ ಎಂಬ ಕ್ರೈಸ್ತ ಧಾರ್ಮಿಕ ಸಂಸ್ಥೆ ಪೆಟ್ರೋಲ್ ಬಂಕ್, ಅಂಗಡಿ ಮುಂತಾದವನ್ನು ನಡೆಸುತ್ತಿತ್ತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಹಿಂದೆ ಮಾದಕ ವ್ಯಸನಿಗಳೋ, ನಿರ್ಗತಿಕರೋ, ಅಪರಾಧಿಗಳೋ ಆಗಿದ್ದವರು. ಅವರಿಗೆ ಊಟ, ಬಟ್ಟೆ, ವಸತಿ ಸಿಗುತ್ತಿತ್ತು, ಸಂಬಳ ಇರಲಿಲ್ಲ. ತಾವು ದೇವರ ಕೆಲಸ ಮಾಡುತ್ತಿದ್ದೇವೆ, ಸಂಬಳ ಬೇಡ ಎಂದು ಅವರೇ ಸಾಕ್ಷಿ ನುಡಿದರು. 1985ರಲ್ಲಿ ಕೋರ್ಟು ಅವರನ್ನು ನೌಕರರೆಂದೇ ಪರಿಗಣಿಸಿತು. ಬೇಡವೆಂದವರಿಗೆ ವಿನಾಯಿತಿ ಕೊಟ್ಟರೆ, ಬೇಡವೆನ್ನುವಂತೆ ಒತ್ತಾಯಿಸುವ ಧಣಿಗಳಿಗೆ ದಾರಿಯಾಗುತ್ತದೆ ಎಂಬುದು ಅದರ ಒಂದು ಕಾರಣ. ಭಕ್ತಿಯನ್ನು ಅದು ಅನುಮಾನಿಸಲಿಲ್ಲ. ಭಕ್ತಿಯ ನೆರಳಿನಲ್ಲಿ ನಡೆಯಬಹುದಾದ ವ್ಯಾಪಾರವನ್ನು ಕಂಡಿತು.

ಹಾಗೆಂದು ಎಲ್ಲ ಸೇವೆಗೂ ಸಂಬಳದ ಚೀಟಿ ಅಂಟಿಸಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಮಾಡಿದರೆ ಲೋಕ ಬಹಳ ಬಡವಾಗುತ್ತದೆ. ಕಾಡನ್ನು ಪ್ರೀತಿಸುವ ದಂಪತಿಯ ಕೈಗೆ ಹಣ ತುರುಕಿದರೆ ಅವರು ನೊಂದುಕೊಳ್ಳಬಹುದು. ನಮಗೆ ಬೇಕಾದದ್ದು ಸೇವೆ ಪಡೆಯುವವರು ತಮಗೆ ತಾವೇ ಹಾಕಿಕೊಳ್ಳಬೇಕಾದ ಕೆಲವು ಪ್ರಶ್ನೆಗಳು. ಈತ ನಾಳೆ 'ಆಗುವುದಿಲ್ಲ' ಎಂದರೆ ಇವನಿಗೆ ಮಲಗಲು ಬೇರೆ ಜಾಗವಿದೆಯೇ? ಎಷ್ಟು ಗಂಟೆ, ಯಾವ ಕೆಲಸ ಎಂದು ಮೊದಲೇ ಮಾತಾಗಿದೆಯೇ? ಈ ಕೆಲಸ ಒಂದು ದಿನ ನಿಂತರೆ ನಾವು ದುಡ್ಡು ಕೊಟ್ಟು ಬೇರೆಯವರನ್ನು ತರಬೇಕಾಗುತ್ತದೆಯೇ? ಮೊದಲ ಎರಡಕ್ಕೆ 'ಇಲ್ಲ', ಮೂರನೆಯದಕ್ಕೆ 'ಹೌದು' ಎಂಬ ಉತ್ತರ ಬಂದರೆ, ಆತ ಎಷ್ಟೇ ನಗುನಗುತ್ತ ದುಡಿಯುತ್ತಿರಲಿ, ನಾವು ಸಾಲಗಾರರು.

ಈ ಪ್ರಶ್ನೆಗಳನ್ನು ದೂರದ ಅಮೆರಿಕದ ಕಾಡಿಗೆ ಮಾತ್ರ ಕೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಬಾಡಿಗೆಯಿಲ್ಲದ ಜಾಗ ಕೊಟ್ಟು, ಗೌರವದ ಹೆಸರು ಕೊಟ್ಟು, ಉಳಿದದ್ದನ್ನು ಅಲ್ಲಾಹನ ಖಾತೆಗೆ ಬರೆದುಬಿಡುವ ಪದ್ಧತಿ ನಮ್ಮ ಮೊಹಲ್ಲಾಗಳಲ್ಲಿ ಬಹಳ ಹಳೆಯದು. ವುಝೂ ಖಾನೆಯ ಪಕ್ಕದ ಸಣ್ಣ ಕೋಣೆಯಲ್ಲಿ ವಾಸಿಸುವ ಮುಅಝ್ಝಿನ್ ಯಾರು? ಹೆಚ್ಚಾಗಿ ಬೇರೆ ಊರಿನಿಂದ ಬಂದವನು, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟವನು. ಮಸೀದಿ ಅಲ್ಲಾಹನ ಮನೆ ಎನ್ನುತ್ತೇವೆ. ಆ ಮನೆಗೆ ದಿನಕ್ಕೆ ಐದು ಸಲ ನಮ್ಮನ್ನು ಕೂಗಿ ಕರೆಯುವ ಆತಿಥೇಯ ಅವನೇ. ಚಾಪೆ ಗುಡಿಸುವುದು, ಹೌಝ್ ತೊಳೆಯುವುದು, ರಾತ್ರಿ ಬಾಗಿಲು ಹಾಕುವುದು, ದಾರಿತಪ್ಪಿ ಬಂದ ಪ್ರಯಾಣಿಕನಿಗೆ ಮೂಲೆಯಲ್ಲಿ ಜಾಗ ಕೊಡುವುದು ಎಲ್ಲ ಅವನ ಪಾಲಿಗೆ. ಆ ಕೋಣೆ ಬಿಟ್ಟರೆ ಅವನಿಗೆ ಈ ಊರಿನಲ್ಲಿ ಇನ್ನೊಂದು ಸೂರು ಇರುವುದಿಲ್ಲ. ಸಂಬಳದ ಮಾತು ಬಂದಾಗ 'ಕೋಣೆ ಕೊಟ್ಟಿದ್ದೇವಲ್ಲ, ಕರೆಂಟು ನೀರು ಪುಕ್ಕಟೆಯಲ್ಲ, ಸವಾಬಂತೂ ಇದ್ದೇ ಇದೆ' ಎನ್ನುವ ದನಿಗಳನ್ನು ನಾವು ಕೇಳಿದ್ದೇವೆ. ಕ್ಯಾಂಪ್‌ಗ್ರೌಂಡ್ ಹೋಸ್ಟ್‌ನ ಕರಾರಿಗೂ ಈ ಮಾತಿಗೂ ಭಾಷೆಯೊಂದನ್ನು ಬಿಟ್ಟರೆ ಏನು ವ್ಯತ್ಯಾಸ? ವ್ಯತ್ಯಾಸವಿದ್ದರೆ ಅದು ನಮ್ಮ ವಿರುದ್ಧವೇ ಇದೆ. ಅಲ್ಲಿ ಗಂಟೆಗಳ ಲೆಕ್ಕ ಸಾಮಾನ್ಯವಾಗಿ ಕಾಗದದಲ್ಲಿರುತ್ತದೆ, ಗಾಯಕ್ಕೆ ಪರಿಹಾರವಿದೆ, ಹಂಗಾಮಿಗೊಂದು ಕೊನೆಯಿದೆ.

ಇದು ಕೇವಲ ನಮ್ಮ ಮನಸ್ಸಿನ ತಳಮಳವಲ್ಲ. ಅಖಿಲ ಭಾರತ ಇಮಾಮ್ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 1993ರಲ್ಲಿ ತೀರ್ಪು ಕೊಟ್ಟಿತು. ಇಮಾಮರ ಕೆಲಸಕ್ಕೆ ಸಂಬಳ ಎಂಬುದು ಧಾರ್ಮಿಕ ಪದ್ಧತಿಯಲ್ಲಿಲ್ಲ ಎಂಬ ವಾದವನ್ನು ಅಲ್ಲಿ ಮಂಡಿಸಿದವರು ಹೊರಗಿನವರಲ್ಲ, ವಕ್ಫ್ ಮಂಡಳಿಗಳೇ. ಕೋರ್ಟು ಅದನ್ನು ಒಪ್ಪದೆ, ಇಮಾಮರಿಗೆ ಸಂಭಾವನೆ ಕೊಡುವ ಹೊಣೆಯನ್ನು ಮಂಡಳಿಗಳ ಮೇಲೆ ಹೊರಿಸಿತು. ಮದ್ಯನಿನ ಮುದುಕ ತಾನಾಗಿ ಮಾಡಿದ್ದನ್ನು ನಾವು ನ್ಯಾಯಾಲಯದ ಬಾಯಿಂದ ಕೇಳಬೇಕಾಯಿತು.

ಮುಸಾಫಿರನ ಆತಿಥ್ಯ ದೊಡ್ಡದು ಎಂಬ ಮಾತನ್ನು ನಾವು ಹಿಂತೆಗೆದುಕೊಳ್ಳುವುದಿಲ್ಲ. ಒಡೆತನವಿಲ್ಲದೆ ಒಂದು ಜಾಗವನ್ನು ಕಾಯುವವನಲ್ಲಿ ನಮಗೆ ಬೇಕಾದ ಪಾಠವಿದೆ. ಆದರೆ ಆ ದೊಡ್ಡತನ ಅವನದು, ನಮ್ಮ ಉಳಿತಾಯದ ಸಾಧನವಲ್ಲ. ಅವನ ಆತಿಥ್ಯವನ್ನು ಉಂಡ ನಾವು ಅವನ ಅತಿಥಿಗಳು, ಮತ್ತು ಆತಿಥೇಯನಿಗೆ ಹೊರೆಯಾಗಬಾರದೆಂಬ ನಿಯಮ ನಮಗೂ ಅನ್ವಯಿಸುತ್ತದೆ. ಕಾಡಿನ ಬೀಡಿನಿಂದ ಹೊರಡುವಾಗ ತಾನು ಉರಿಸಿದ ಬೆಂಕಿಯನ್ನು ತಾನೇ ನೀರು ಹಾಕಿ ಆರಿಸುವುದು ಪ್ರವಾಸಿಯ ಪಾಲಿನ ಕೆಲಸ. ನಮ್ಮ ಪಾಲಿನದು ಇನ್ನೂ ಸುಲಭ. ಜಮಾಅತ್ತಿನ ವಾರ್ಷಿಕ ಸಭೆಯಲ್ಲಿ ಸುಣ್ಣಬಣ್ಣ, ಮೈಕು, ಹೊಸ ಮಿನಾರದ ಖರ್ಚುಗಳನ್ನು ಓದಿ ಹೇಳುವಾಗ ಮುಅಝ್ಝಿನನ ಹೆಸರಿನ ಸಾಲು ಬಂದಾಗ ಯಾರಾದರೂ ಒಬ್ಬರು ಕೈ ಎತ್ತಿ, ಇಷ್ಟರಲ್ಲಿ ನಿಮ್ಮ ಮನೆ ನಡೆಯುತ್ತದೆಯೇ ಎಂದು ಅವನನ್ನೇ ಕೇಳಬೇಕು. ಅವನು ನಕ್ಕು 'ಅಲ್‌ಹಮ್ದುಲಿಲ್ಲಾಹ್' ಎಂದಾಗ, ಆ ಮಾತನ್ನು ರಸೀದಿಯೆಂದು ತಿಳಿದು ಪುಟ ತಿರುವಬಾರದು.